ದುಡ್ಡಿಗೂ ಒಂದು ಅವಸರವಿದೆ

ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಖಡಕ್ ಜೋಳದ ರೊಟ್ಟಿ ಮಾಡಿ ಮಾರುವ ಒಂದು ಘಟಕ ಇದೆ ಎಂದಿಟ್ಟುಕೊಳ್ಳಿ. ಹತ್ತು ರೊಟ್ಟಿಯ ಒಂದು ಪಾಕೀಟು ತಯಾರಾಗಿ ಅಂಗಡಿ ಮುಟ್ಟುವಷ್ಟರಲ್ಲಿ 80 ರೂಪಾಯಿ ಖರ್ಚು. ಸೂಪರ್ ಮಾರ್ಕೆಟ್‌ನವರು ಅದನ್ನು 100 ರೂಪಾಯಿಗೆ ತೆಗೆದುಕೊಳ್ಳುತ್ತಾರೆ, ದುಡ್ಡು ಕೊಡುವುದು 60 ದಿನದ ಮೇಲೆ. ದಿನಕ್ಕೆ 500 ಪಾಕೀಟು ಹೋಗುತ್ತದೆ. ದಿನಕ್ಕೆ 10 ಸಾವಿರ, ತಿಂಗಳಿಗೆ 3 ಲಕ್ಷ ಲಾಭ. ಯಾರು ನೋಡಿದರೂ ಕೈಹತ್ತಿದ ವ್ಯಾಪಾರ. ಹೀಗಿರುವಾಗ ಬೆಂಗಳೂರಿನ ದೊಡ್ಡ ಮಳಿಗೆಯವರೊಬ್ಬರು ಬಂದು, ‘ದಿನಕ್ಕೆ 5,000 ಪಾಕೀಟು ಬೇಕು, ಕೊಡ್ತೀರಾ?’ ಎಂದು ಕೇಳುತ್ತಾರೆ. ಮನೆಯಲ್ಲಿ ಧಾರವಾಡ ಪೇಡೆ ಹಂಚುತ್ತಾರೆ.

ಈಗ ಲೆಕ್ಕ ಹಾಕಿ. ಜೋಳ ಕೊಡುವ ಅಡತಿ ಅಂಗಡಿಯವನು ನಗದು ಕೇಳುತ್ತಾನೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಶನಿವಾರ ಬಟವಾಡೆ ಆಗಲೇಬೇಕು. ಗ್ಯಾಸು, ಪಾಕೀಟಿನ ಕವರು, ಟೆಂಪೊ ಬಾಡಿಗೆ ಯಾವುದೂ ಕಾಯುವುದಿಲ್ಲ. ದಿನಕ್ಕೆ 5,000 ಪಾಕೀಟು ಅಂದರೆ ದಿನಕ್ಕೆ 4 ಲಕ್ಷ ಖರ್ಚು. ಮೊದಲ ದಿನದ ಸರಕಿನ ದುಡ್ಡು ಕೈಗೆ ಬರುವ ಹೊತ್ತಿಗೆ 60 ದಿನದ ಖರ್ಚು ಕೈಬಿಟ್ಟಿರುತ್ತದೆ, ಒಟ್ಟು 2 ಕೋಟಿ 40 ಲಕ್ಷ. ಈಗಿನ ವ್ಯಾಪಾರದಲ್ಲಿ ಹೀಗೆ ಸಿಕ್ಕಿಬಿದ್ದಿರುವುದು 24 ಲಕ್ಷ. ಮೇಲಿನ 2 ಕೋಟಿ 16 ಲಕ್ಷ ಎಲ್ಲಿಂದ ತರುವುದು? ತಿಂಗಳಿನ 3 ಲಕ್ಷ ಲಾಭದಲ್ಲಿ ಒಂದು ಪೈಸೆ ಮುಟ್ಟದೆ ಕೂಡಿಟ್ಟರೂ ಅಷ್ಟಾಗಲು ಆರು ವರ್ಷ ಬೇಕು. ಹೊಸ ಶೆಡ್ಡು, ಹಿಟ್ಟು ನಾದುವ ಯಂತ್ರಗಳ ಖರ್ಚನ್ನು ನಾನಿನ್ನೂ ಸೇರಿಸಿಯೇ ಇಲ್ಲ.

ನಷ್ಟದಲ್ಲಿರುವ ವ್ಯಾಪಾರ ದುಡ್ಡಿಲ್ಲದೆ ಮುಚ್ಚುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಲಾಭದಲ್ಲಿರುವ ವ್ಯಾಪಾರವೂ ಬೆಳವಣಿಗೆಯ ರಭಸಕ್ಕೇ ದುಡ್ಡಿಲ್ಲದೆ ಮುಚ್ಚಬಹುದು ಎನ್ನುವುದು ಮಾತ್ರ ಬಹಳ ಜನರಿಗೆ ಪೆಟ್ಟು ತಿಂದ ಮೇಲೆ ತಿಳಿಯುತ್ತದೆ. ವೇಗವಾಗಿ ಬೆಳೆಯುವ ಉದ್ಯಮಕ್ಕೆ ಹೊರಗಿನ ದುಡ್ಡು ಬೇಕಾಗುವುದು ಈ ಕಾರಣಕ್ಕೆ. ಹಾಗಾದರೆ ಯಾರ ದುಡ್ಡು?

ಮೊದಲು ಹೋಗುವುದು ಬ್ಯಾಂಕಿಗೆ. ಮ್ಯಾನೇಜರು ಆರ್ಡರಿನ ಕಾಗದ ನೋಡಿ ಸಂತೋಷಪಟ್ಟು, ‘ಸೆಕ್ಯೂರಿಟಿ ಏನಿದೆ?’ ಎಂದು ಕೇಳುತ್ತಾರೆ. ಮನೆಯ ಪತ್ರವೋ, ಎನ್‌ಎ ಆದ ಸೈಟೋ ಇದ್ದರೆ ಮಾತು ಮುಂದುವರಿಯುತ್ತದೆ. ನಾವು ಮ್ಯಾನೇಜರನ್ನು ಬೈದುಕೊಂಡು ಹೊರಬರುತ್ತೇವೆ. ಆದರೆ ಅವರ ಕುರ್ಚಿಯಲ್ಲಿ ಕೂತು ನೋಡಿ. ನೂರು ರೂಪಾಯಿ ಸಾಲದಲ್ಲಿ ಠೇವಣಿದಾರರ ಬಡ್ಡಿ, ಕಚೇರಿ ಖರ್ಚು ಕಳೆದು ಬ್ಯಾಂಕಿಗೆ 3 ರೂಪಾಯಿ ಉಳಿಯುತ್ತದೆ ಎಂದುಕೊಳ್ಳೋಣ. ನೂರು ರೂಪಾಯಿಯ ಒಂದು ಸಾಲ ಮುಳುಗಿದರೆ, ಆ ನಷ್ಟ ತುಂಬಲು 33 ಸಾಲಗಳು ಚೊಕ್ಕವಾಗಿ ತೀರಬೇಕು. ಅತ್ತ ರೊಟ್ಟಿ ಘಟಕ ನಾಳೆ ಸಾವಿರ ಕೋಟಿಯ ಕಂಪನಿಯಾದರೂ ಬ್ಯಾಂಕಿಗೆ ಸಿಗುವುದು ಅದೇ ಬಡ್ಡಿ. ಮುಳುಗಿದರೆ ಪೂರ್ತಿ ನಷ್ಟ, ಗೆದ್ದರೆ ಚೂರು ಲಾಭ. ಇಂಥ ಲೆಕ್ಕದಲ್ಲಿ ಕೂತವರು ಧೈರ್ಯ ತೋರಿಸಿದರೆ ಅದು ಠೇವಣಿದಾರರಿಗೆ ಮಾಡುವ ಮೋಸ.

ಕರಾವಳಿಯ ಹಳೆಯ ಬ್ಯಾಂಕುಗಳು ಈ ಗಂಟನ್ನು ಪರಿಚಯದಿಂದ ಬಿಡಿಸಿದ್ದವು. 1925ರಲ್ಲಿ ಉಡುಪಿಯಲ್ಲಿ 8 ಸಾವಿರ ರೂಪಾಯಿ ಬಂಡವಾಳದಿಂದ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಮೊದಲು ನೋಡಿದ್ದು ಕೈಮಗ್ಗದ ನೇಕಾರರನ್ನು. 1928ರಲ್ಲಿ ಅದು ಶುರುಮಾಡಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಿಂದ ಮೇಲಕ್ಕೆ ಎಷ್ಟಾದರೂ ಕಟ್ಟಿಸಿಕೊಳ್ಳುತ್ತಿದ್ದ. ಯಾರ ಅಂಗಡಿ ಹೇಗೆ ನಡೆಯುತ್ತಿದೆ ಎಂಬ ಸುದ್ದಿಯೂ ಆ ಎರಡಾಣೆಯ ಜೊತೆಗೇ ಬ್ಯಾಂಕಿಗೆ ಬರುತ್ತಿತ್ತು. ಈಗ ಆ ಜಾಗದಲ್ಲಿ ಸಿಬಿಲ್ ಸ್ಕೋರ್ ಇದೆ. 2000ದಲ್ಲಿ ಬಂದ ಸಾಲ ಖಾತರಿ ನಿಧಿಯಿಂದಾಗಿ ಸಣ್ಣ ಉದ್ಯಮಗಳಿಗೆ ಆಸ್ತಿ ಅಡವಿಲ್ಲದೆಯೂ ಸಾಲ ಕೊಡಬಹುದು, ಮುಳುಗಿದರೆ ಬಹುಪಾಲು ನಷ್ಟವನ್ನು ನಿಧಿ ತುಂಬುತ್ತದೆ. ನಿಯಮವೇನೋ ಇದೆ. ಆದರೂ ‘ಮನೆ ಪತ್ರ ತಂದಿದೀರಾ’ ಎನ್ನುವ ಪ್ರಶ್ನೆ ನಿಂತಿಲ್ಲ.

ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದಾಗ ಎದುರಾದದ್ದೂ ಇದೇ ಪ್ರಶ್ನೆ. ಬಂಡವಾಳ 10 ಸಾವಿರ ರೂಪಾಯಿ. (ಮೂರು ವರ್ಷದ ನಂತರ ಇನ್ಫೊಸಿಸ್‌ಗೆ ಸುಧಾ ಮೂರ್ತಿಯವರು ಕೊಟ್ಟದ್ದೂ 10 ಸಾವಿರವೇ, ನಮ್ಮ ಉದ್ಯಮ ಪುರಾಣದಲ್ಲಿ ಅದೊಂದು ಮಂಗಳದ ಅಂಕಿ.) ಕಿರಣ್ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದವರು. ಹೆಣ್ಣು ಎಂಬ ಕಾರಣಕ್ಕೆ ಇಲ್ಲಿನ ಬ್ರೂವರಿಗಳಲ್ಲಿ ಕೆಲಸ ಸಿಗಲಿಲ್ಲ. ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಕಂಪನಿ ಜೊತೆಗೂಡಿತು. ಪರಂಗಿಕಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಯಾಗಿಸುವ ಐಸಿಂಗ್ಲಾಸ್, ಇವು ಮೊದಲ ಸರಕು. ಇಪ್ಪತ್ತೈದರ ಹುಡುಗಿ, ಯಾರೂ ಕೇಳಿರದ ಕಿಣ್ವದ ವ್ಯಾಪಾರ, ಅಡವಿಡಲು ಆಸ್ತಿಯಿಲ್ಲ. ಬ್ಯಾಂಕುಗಳು ಒಂದಾದ ಮೇಲೊಂದು ಇಲ್ಲವೆಂದವು. ಕೊನೆಗೆ ಒಂದು ಸಮಾರಂಭದಲ್ಲಿ ಪರಿಚಯವಾದ ಬ್ಯಾಂಕ್ ಅಧಿಕಾರಿಯೊಬ್ಬರು ನಂಬಿ ಸಾಲ ಕೊಡಿಸಿದರು.

ಸಾಲದಿಂದ, ರಫ್ತಿನ ಗಳಿಕೆಯಿಂದ ಕೆಲವು ವರ್ಷ ನಡೆದ ಮೇಲೆ ಬೇರೆ ಜಾತಿಯ ದುಡ್ಡು ಬೇಕಾಯಿತು. ಕಿಣ್ವಗಳನ್ನು ಘನ ಮಾಧ್ಯಮದಲ್ಲಿ ಹುದುಗಿಸುವ ತಮ್ಮದೇ ತಂತ್ರಜ್ಞಾನವನ್ನು ಪ್ರಯೋಗಶಾಲೆಯಿಂದ ಕಾರ್ಖಾನೆಗೆ ತರಬೇಕಿತ್ತು. ಸಫಲವಾದರೆ ಕಂಪನಿಯ ದೆಸೆಯೇ ಬದಲಾಗುತ್ತದೆ, ವಿಫಲವಾದರೆ ಹಾಕಿದ್ದಷ್ಟೂ ಹೋಮ. ಇದಕ್ಕೆ ಯಾವ ಬ್ಯಾಂಕೂ ಸಾಲ ಕೊಡುವಂತಿಲ್ಲ, ಕೊಡಬಾರದು ಕೂಡ. ಸುಮಾರು ಎರಡೂವರೆ ಲಕ್ಷ ಡಾಲರ್ ಕೊಟ್ಟದ್ದು ಐಸಿಐಸಿಐ ಬಳಗದ ಸಾಹಸ ಬಂಡವಾಳ. ಐಸಿಐಸಿಐ ಮತ್ತು ಯುಟಿಐ ಸೇರಿ 1988ರಲ್ಲಿ ಬೆಂಗಳೂರಿನಲ್ಲಿ ಟಿಡಿಐಸಿಐ ಎಂಬ ಸಂಸ್ಥೆ ಕಟ್ಟಿದ್ದವು. ಭಾರತದ ಮೊದಮೊದಲ ವೆಂಚರ್ ಕ್ಯಾಪಿಟಲ್ ಸಂಸ್ಥೆಗಳಲ್ಲಿ ಅದೂ ಒಂದು. ಕೋರಮಂಗಲದ ಕಾಫಿ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ಹುಡುಗರು ಇನ್ನೂ ಹುಟ್ಟಿರಲಿಲ್ಲ.

ವೆಂಚರ್ ಕ್ಯಾಪಿಟಲ್ ಅಂದರೆ ಸಾಲವಲ್ಲ, ಪಾಲು. ಕಂಪನಿ ಮುಳುಗಿದರೆ ಹಾಕಿದವನ ದುಡ್ಡೂ ಮುಳುಗುತ್ತದೆ, ಮನೆಗೆ ನೋಟಿಸು ಬರುವುದಿಲ್ಲ, ಕಂತಿಲ್ಲ, ಬಡ್ಡಿಯಿಲ್ಲ. ಕೇಳುವುದಕ್ಕೆ ದಾನದ ಹಾಗಿದೆ. ಹಾಗಾದರೆ ಅವರಿಗೆ ಏನು ಗಿಟ್ಟುತ್ತದೆ? ಇದರ ಉತ್ತರ ಸಿಗುವುದು ಅಮೆರಿಕದ ಬಾಸ್ಟನ್‌ನಲ್ಲಿ. ಫ್ರಾನ್ಸಿನಲ್ಲಿ ಹುಟ್ಟಿ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಜಾರ್ಜ್ ಡೋರಿಯೊ 1946ರಲ್ಲಿ ಕೆಲವರ ಜೊತೆ ಸೇರಿ ಎಆರ್‌ಡಿ ಎಂಬ ಸಂಸ್ಥೆ ತೆರೆದರು. ಅದು 1957ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಹೊಸ ಕಂಪ್ಯೂಟರ್ ಕಂಪನಿಗೆ 70 ಸಾವಿರ ಡಾಲರ್ ಕೊಟ್ಟು ಶೇ 70ರಷ್ಟು ಪಾಲು ಪಡೆಯಿತು. ಎಪ್ಪತ್ತರ ದಶಕದ ಆರಂಭಕ್ಕೆ ಆ ಪಾಲಿನ ಬೆಲೆ 35 ಕೋಟಿ ಡಾಲರ್ ದಾಟಿತ್ತು. ಆ ಸಂಸ್ಥೆ ಇಪ್ಪತ್ತೈದು ವರ್ಷದಲ್ಲಿ ಹಣ ಹೂಡಿದ ಕಂಪನಿಗಳು ನೂರಕ್ಕೂ ಹೆಚ್ಚು. ಅದರ ಲೆಕ್ಕದಿಂದ ಈ ಒಂದನ್ನು ತೆಗೆದುಬಿಟ್ಟರೆ ವಾರ್ಷಿಕ ಗಳಿಕೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆವತ್ತಿನಿಂದ ಈವತ್ತಿನವರೆಗೆ ಈ ಕಸುಬು ನಡೆಯುತ್ತಿರುವುದು ಹೀಗೇ: ಹಲವು ಮುಳುಗುತ್ತವೆ, ಕೆಲವು ಅಸಲು ತರುತ್ತವೆ, ಒಂದೋ ಎರಡೋ ಎಲ್ಲರ ನಷ್ಟವನ್ನೂ ತುಂಬಿಕೊಡುತ್ತವೆ.

ಇದನ್ನು ನಿಧಿಯ ಕಡೆಯಿಂದ ಲೆಕ್ಕ ಹಾಕಿ ನೋಡಿದರೆ ಅವರ ಅವಸರ ಅರ್ಥವಾಗುತ್ತದೆ. ವೆಂಚರ್ ಕ್ಯಾಪಿಟಲ್‌ನವರು ಕೊಡುವುದು ಸ್ವಂತ ದುಡ್ಡಲ್ಲ. ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು, ವಿಶ್ವವಿದ್ಯಾಲಯಗಳು, ಶ್ರೀಮಂತ ಮನೆತನಗಳು ಕಟ್ಟಿದ ಹಣ ಅದು. ನಿಧಿಯ ಆಯಸ್ಸು ಸಾಮಾನ್ಯವಾಗಿ 10 ವರ್ಷ. ನಡೆಸುವವರಿಗೆ ವರ್ಷಕ್ಕೆ ಸುಮಾರು ಶೇ 2ರಷ್ಟು ಶುಲ್ಕ, ಕೊನೆಯಲ್ಲಿ ಲಾಭದಲ್ಲಿ ಶೇ 20ರಷ್ಟು ಪಾಲು. 1,000 ಕೋಟಿಯ ನಿಧಿ ಅಂದುಕೊಳ್ಳಿ. ಹಣ ಕಟ್ಟಿದವರು ಹತ್ತು ವರ್ಷ ಕೈಕಟ್ಟಿ ಕೂತದ್ದಕ್ಕೆ ಮೂರು ಪಟ್ಟಾದರೂ ಬರಲಿ ಅನ್ನುತ್ತಾರೆ, ಅಂದರೆ 3,000 ಕೋಟಿ. ನಿಧಿಯ ಕೈಯಲ್ಲಿ ಪ್ರತಿ ಕಂಪನಿಯ ಶೇ 15ರಷ್ಟು ಪಾಲಿದ್ದರೆ, ಆ ಕಂಪನಿಗಳೆಲ್ಲದರ ಒಟ್ಟು ಮಾರಾಟ ಬೆಲೆ 20 ಸಾವಿರ ಕೋಟಿ ಆಗಬೇಕು. ಇದರಲ್ಲಿ ಅರ್ಧಕ್ಕರ್ಧ ಮುಳುಗುತ್ತವೆ ಎಂದು ಅವರಿಗೆ ಮೊದಲೇ ಗೊತ್ತು. ಆದ್ದರಿಂದ ಉಳಿದವು ಸಾವಿರಾರು ಕೋಟಿಗೆ ಏರಲೇಬೇಕು.

ನಮ್ಮ ರೊಟ್ಟಿ ಘಟಕವನ್ನು ಈ ತಕ್ಕಡಿಯಲ್ಲಿಡಿ. ಅದು ಹತ್ತು ವರ್ಷದಲ್ಲಿ ನೂರು ಕೋಟಿ ಬೆಲೆಯ ಕಂಪನಿಯಾಯಿತು ಅನ್ನೋಣ. ಊರಿನಲ್ಲಿ ಸನ್ಮಾನ ಆಗುತ್ತದೆ, ಮುನ್ನೂರು ಮನೆಗಳ ಒಲೆ ಉರಿಯುತ್ತದೆ, ಮೊಮ್ಮಕ್ಕಳವರೆಗೆ ಕೂತು ಉಣ್ಣಬಹುದು. ನಿಧಿಗೆ ಮಾತ್ರ 15 ಕೋಟಿ, 3,000 ಕೋಟಿಯ ಗುರಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ. ಮೊದಲ ದಿನದಿಂದಲೇ ಅವರು ‘ದೇಶದ ತುಂಬ ಹೋಗಿ, ನಷ್ಟವಾದರೂ ಪರವಾಗಿಲ್ಲ’ ಅನ್ನುವುದು ಕೇಡು ಬಯಸಿ ಅಲ್ಲ. ಅವರ ದುಡ್ಡು ಬೇರೆ ಯಾವ ರೀತಿಯಲ್ಲೂ ಗಿಟ್ಟುವುದಿಲ್ಲ. ಈ ಹಣದ ಜೊತೆ ಅದರ ಪಂಚಾಂಗವೂ ಬರುತ್ತದೆ: ಇಷ್ಟು ವರ್ಷದೊಳಗೆ ಇಷ್ಟು ದೊಡ್ಡದಾಗಬೇಕು, ಆಮೇಲೆ ಯಾರಿಗಾದರೂ ಮಾರಿಹೋಗಬೇಕು ಇಲ್ಲವೇ ಷೇರುಪೇಟೆಗೆ ಬರಬೇಕು. ಹತ್ತು ವರ್ಷದ ಮೇಲೂ ಅದೇ ಪಾಲುದಾರರ ಜೊತೆ ತಣ್ಣಗೆ ಲಾಭ ಹಂಚಿಕೊಂಡು ಕೂರುವ ಅವಕಾಶ ಆ ಪಂಚಾಂಗದಲ್ಲಿಲ್ಲ.

ಫ್ಲಿಪ್‌ಕಾರ್ಟ್ ಈ ದುಡ್ಡಿಗೆ ಹೇಳಿ ಮಾಡಿಸಿದ ವ್ಯಾಪಾರವಾಗಿತ್ತು. 2007ರಲ್ಲಿ ಕೋರಮಂಗಲದ ಫ್ಲ್ಯಾಟೊಂದರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಸ್ವಂತದ 4 ಲಕ್ಷ ಹಾಕಿ ಪುಸ್ತಕ ಮಾರಲು ಶುರುಮಾಡಿದರು. 2009ರಲ್ಲಿ ಆಕ್ಸೆಲ್ ಎಂಬ ನಿಧಿ 10 ಲಕ್ಷ ಡಾಲರ್ ಹಾಕಿತು, ಮರುವರ್ಷ ಟೈಗರ್ ಗ್ಲೋಬಲ್ 1 ಕೋಟಿ ಡಾಲರ್. 2010ರಲ್ಲಿ ಅವರು ‘ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡಿ’ ಎಂದದ್ದೇ ತಡ, ಕ್ರೆಡಿಟ್ ಕಾರ್ಡ್ ಇಲ್ಲದವರೂ ಗಿರಾಕಿಗಳಾದರು. ಆದರೆ ಗೋದಾಮು, ಸಾಗಣೆ, ವಾಪಸು ಬಂದ ಸರಕು, ಡೆಲಿವರಿ ಹುಡುಗರ ಕೈಯಲ್ಲಿರುವ ನಗದು, ಹೀಗೆ ದುಡ್ಡು ಸಿಕ್ಕಿಬೀಳುವ ಜಾಗಗಳೂ ಬೆಳೆದವು. ಇಂಥ ವ್ಯಾಪಾರದಲ್ಲಿ ಮೊದಲು ದೊಡ್ಡವನಾದವನಿಗೆ ಉಳಿಗಾಲ. ಎರಡನೆಯ ಸ್ಥಾನದಲ್ಲಿ ಲಾಭ ಮಾಡಿಕೊಂಡು ಇರುತ್ತೇನೆ ಅಂದರೆ ಅಮೆಜಾನ್ ಬಂದು ನುಂಗುತ್ತದೆ. ಹಾಗಾಗಿ ವರ್ಷ ವರ್ಷ ನಷ್ಟ, ವರ್ಷ ವರ್ಷ ಹೊಸ ಹೂಡಿಕೆ. 2018ರ ಮೇ ತಿಂಗಳಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ 77ರಷ್ಟು ಪಾಲು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಹಿಂದಿನ ವರ್ಷ ಸುಮಾರು 250 ಕೋಟಿ ಡಾಲರ್ ಹಾಕಿದ್ದ ಸಾಫ್ಟ್‌ಬ್ಯಾಂಕ್ ಸುಮಾರು 400 ಕೋಟಿ ತೆಗೆದುಕೊಂಡು ಹೊರನಡೆಯಿತು.

ಆ ಹೊತ್ತಿಗೆ ಸಚಿನ್ ಬನ್ಸಲ್ ಅವರ ಕೈಯಲ್ಲಿ ಉಳಿದಿದ್ದದ್ದು ಸುಮಾರು ಶೇ 5.5ರಷ್ಟು ಪಾಲು. ಅದರ ಬೆಲೆ ಸುಮಾರು 100 ಕೋಟಿ ಡಾಲರ್ ಆಗಿದ್ದರಿಂದ ಅವರಿಗಾಗಿ ಯಾರೂ ಕಣ್ಣೀರು ಹಾಕಬೇಕಿಲ್ಲ. ಆದರೆ ಹನ್ನೊಂದು ವರ್ಷ ಕಟ್ಟಿದ ಕಂಪನಿಯ ಮಾರಾಟದ ಜೊತೆಗೇ ಅವರು ಹೊರಗೆ ಹೋಗಬೇಕಾಯಿತು. ಇದರ ಪಕ್ಕದಲ್ಲಿ ಬಯೋಕಾನ್ ಇಟ್ಟು ನೋಡಿ. ಅದು ಷೇರುಪೇಟೆಗೆ ಬಂದದ್ದು 2004ರಲ್ಲಿ, ಶುರುವಾಗಿ ಇಪ್ಪತ್ತಾರು ವರ್ಷಕ್ಕೆ. 315 ರೂಪಾಯಿಯ ಷೇರಿಗೆ ಮೂವತ್ತು ಪಟ್ಟಿಗಿಂತ ಹೆಚ್ಚು ಅರ್ಜಿ ಬಿತ್ತು. ಮೊದಲ ದಿನವೇ ಕಂಪನಿಯ ಬೆಲೆ 100 ಕೋಟಿ ಡಾಲರ್ ದಾಟಿತು. ಆಗಲೂ ಅರ್ಧಕ್ಕಿಂತ ಹೆಚ್ಚು ಪಾಲು ಕಟ್ಟಿದವರ ಕೈಯಲ್ಲೇ ಇತ್ತು. ಯಾರ ದಾರಿ ಸರಿ ಎಂದು ಕೇಳಿದರೆ ಉತ್ತರವಿಲ್ಲ. ಬಯೋಕಾನ್ ಹಾಗೆ ನಿಧಾನವಾಗಿ ನಡೆದಿದ್ದರೆ ಫ್ಲಿಪ್‌ಕಾರ್ಟ್ ಎರಡನೆಯ ದೀಪಾವಳಿ ಕಾಣುತ್ತಿರಲಿಲ್ಲ.

ಬಯೋಕಾನ್ ಕಥೆಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ತಿರುವಿದೆ. 1989ರಲ್ಲಿ ಐರ್ಲೆಂಡಿನ ಪಾಲುದಾರ ಕಂಪನಿಯನ್ನು ಯೂನಿಲಿವರ್ ಕೊಂಡುಕೊಂಡಿತು. ಕಿರಣ್ ಕೈಕುಲುಕಿದ್ದು ಒಬ್ಬ ಸಣ್ಣ ಉದ್ಯಮಿಯ ಜೊತೆ; ಈಗ ಪಕ್ಕದ ಕುರ್ಚಿಯಲ್ಲಿ ಕೂತದ್ದು ಜಗತ್ತಿನ ದೈತ್ಯ ಕಂಪನಿ. 1997ರಲ್ಲಿ ಯೂನಿಲಿವರ್ ಆ ವಿಭಾಗವನ್ನು ಬ್ರಿಟನ್ನಿನ ಐಸಿಐ ಕಂಪನಿಗೆ ಮಾರಿತು, ಪಾಲುದಾರ ಮತ್ತೆ ಬದಲಾದ. 1998ರಲ್ಲಿ ಕಿರಣ್ ಅವರ ಪತಿ ಜಾನ್ ಶಾ 20 ಲಕ್ಷ ಡಾಲರ್ ಹೊಂದಿಸಿ ಆ ವಿದೇಶಿ ಪಾಲನ್ನು ವಾಪಸು ಕೊಂಡ ಮೇಲೆಯೇ ಕಂಪನಿ ತನ್ನಿಷ್ಟದಂತೆ ಔಷಧ ತಯಾರಿಕೆಯ ಕಡೆ ತಿರುಗಲು ಸಾಧ್ಯವಾದದ್ದು. ಪಾಲು ಕೊಟ್ಟಮೇಲೆ ಆ ಪಾಲು ಯಾರ ಯಾರ ಕೈಗೆ ಹೋಗುತ್ತದೆ ಎಂಬುದು ಕೊಟ್ಟವರ ಹಿಡಿತದಲ್ಲಿರುವುದಿಲ್ಲ. ಒಪ್ಪಂದದಲ್ಲಿ ಮೊದಲೇ ಬರೆಸಿಕೊಂಡಿದ್ದರೆ ಮಾತು ಬೇರೆ.

ಬರೆಸಿಕೊಳ್ಳುವ ಮಾತು ಬಂದಿದ್ದರಿಂದ ಟರ್ಮ್ ಶೀಟ್ ಎಂಬ ಕಾಗದವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೂಡಿಕೆಗೆ ಮೊದಲು ಬರುವ ಕೆಲವೇ ಪುಟಗಳ ಷರತ್ತುಪಟ್ಟಿ ಅದು. ಎಲ್ಲರ ಕಣ್ಣೂ ಹೋಗುವುದು ‘ವ್ಯಾಲ್ಯುವೇಶನ್’ ಎಂಬ ಸಾಲಿಗೆ, ಕಂಪನಿಯ ಬೆಲೆ ಎಷ್ಟು ಕಟ್ಟಿದ್ದಾರೆ ಎಂದು. ನಿಜವಾದ ಊಟ ಇರುವುದು ಕೆಳಗೆ, ‘ಲಿಕ್ವಿಡೇಶನ್ ಪ್ರಿಫರೆನ್ಸ್’ ಎಂಬ ಸಾಲಿನಲ್ಲಿ. ಒಂದು ಕಂಪನಿ 40 ಕೋಟಿ ಪಡೆದು ಶೇ 25ರಷ್ಟು ಪಾಲು ಕೊಟ್ಟಿದೆ. ಸ್ಥಾಪಕರ ಬಳಿ ಶೇ 60, ನೌಕರರ ಬಳಿ ಶೇ 15. ಮೂರು ವರ್ಷದ ಮೇಲೆ ಅಂದುಕೊಂಡಷ್ಟು ಬೆಳೆಯದೆ ಕಂಪನಿ 50 ಕೋಟಿಗೆ ಮಾರಿಹೋಯಿತು. ಸ್ಥಾಪಕರಿಗೆ ಎಷ್ಟು? ಶೇ 60 ಅಂದರೆ 30 ಕೋಟಿ ಎಂದು ಮನೆಯಲ್ಲಿ ಲೆಕ್ಕ ಹಾಕಿರುತ್ತಾರೆ. ಷರತ್ತಿನ ಪ್ರಕಾರ ಹೂಡಿಕೆದಾರರು ಮೊದಲು ತಮ್ಮ 40 ಕೋಟಿ ಎತ್ತಿಕೊಳ್ಳುತ್ತಾರೆ. ಉಳಿದ 10 ಕೋಟಿಯಲ್ಲಿ ಸ್ಥಾಪಕರಿಗೆ 8 ಕೋಟಿ, ನೌಕರರಿಗೆಲ್ಲ ಸೇರಿ 2 ಕೋಟಿ. ಇದು ಸೌಮ್ಯವಾದ ಷರತ್ತು. ಹಾಕಿದ್ದರ ಎರಡು ಪಟ್ಟು ಮೊದಲು ನಮಗೆ, ಆಮೇಲೆ ಉಳಿದದ್ದರಲ್ಲೂ ಪಾಲು ಎಂದು ಬರೆಸಿಕೊಳ್ಳುವವರೂ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಮುಳುಗಿದರೆ ಪೂರ್ತಿ ಕಳೆದುಕೊಳ್ಳುವವರು ಅಲ್ಪಸ್ವಲ್ಪ ಉಳಿದಾಗ ಮೊದಲು ಕೈಚಾಚುವುದು ಸಹಜವೇ. ಸಹಿ ಹಾಕುವವರು ಮಾತ್ರ ಇದನ್ನು ಓದಿ ಹಾಕಬೇಕು. ವಕೀಲರ ಶುಲ್ಕ ಉಳಿಸಲು ಹೋಗಿ ಪರಿಚಯದ ಆಡಿಟರ್ ಕೈಯಲ್ಲಿ ಕಾಗದ ನೋಡಿಸಿದವರ ಪಾಡು ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ವ್ಯಾಲ್ಯುವೇಶನ್ ಬಗ್ಗೆ ನಮ್ಮ ಪತ್ರಿಕೆಗಳ ಮೇಲೆ ನನಗೊಂದು ತಕರಾರಿದೆ. ಯಾರೋ 20 ಕೋಟಿ ಹಾಕಿ ಶೇ 20ರಷ್ಟು ಪಾಲು ಪಡೆದರೆ ‘100 ಕೋಟಿಯ ಕಂಪನಿ ಕಟ್ಟಿದ ಹಳ್ಳಿ ಹುಡುಗ’ ಎಂದು ತಲೆಬರಹ ಕೊಡುತ್ತೇವೆ. ಆ ನೂರು ಕೋಟಿ ಯಾವ ಬ್ಯಾಂಕಿನಲ್ಲೂ ಇಲ್ಲ. ಕೊನೆಯ ಗಿರಾಕಿ ಕೊಟ್ಟ ಬೆಲೆಯನ್ನು ಎಲ್ಲ ಷೇರುಗಳಿಗೂ ಗುಣಿಸಿ ಬಂದ ಅಂಕಿ ಅದು. ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಬೆಲೆಯ ಕಂಪನಿ ಎನಿಸಿಕೊಂಡಿತ್ತು. ಅದರ ಹಿಂದಿನ ವರ್ಷ ಅಮೆರಿಕದಲ್ಲಿ 120 ಕೋಟಿ ಡಾಲರ್ ಸಾಲ ಎತ್ತಿತ್ತು. 2024ರ ಜುಲೈನಲ್ಲಿ ಅದನ್ನು ದಿವಾಳಿ ಪ್ರಕ್ರಿಯೆಗೆ ತಂದದ್ದು ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ 158 ಕೋಟಿ ರೂಪಾಯಿಯ ಬಾಕಿ. ಡಾಲರ್ ಅಲ್ಲ, ರೂಪಾಯಿ. ಪಾಲಿನ ಹಣ ಮುಳುಗಿದರೆ ಕಂಪನಿಯೊಳಗೇ ಮುಳುಗುತ್ತದೆ, ಸಾಲ ಹಾಗಲ್ಲ, ಬಾಗಿಲಿಗೆ ಬರುತ್ತದೆ. ನಷ್ಟದಲ್ಲಿ ಓಡುವ ಕಂಪನಿ ಎರಡನ್ನೂ ಒಂದೇ ಗಲ್ಲಾಪೆಟ್ಟಿಗೆಗೆ ಸುರಿದುಕೊಂಡರೆ ಅಪಾಯ ಇರುವುದು ಇಲ್ಲಿಯೇ.

ಹಾಗಾದರೆ ವೆಂಚರ್ ಕ್ಯಾಪಿಟಲ್ ಮುಟ್ಟದೆ ವೇಗವಾಗಿ ಬೆಳೆಯಲು ಆಗುವುದೇ ಇಲ್ಲವೇ? ಆಗುತ್ತದೆ, ಗಿರಾಕಿಯ ದುಡ್ಡು ಮೊದಲು ಬರುವ ವ್ಯಾಪಾರವಾದರೆ. ಕಾಮತ್ ಸಹೋದರರು 2010ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಜೆರೋಧಾ ಇದಕ್ಕೆ ಸಾಕ್ಷಿ. ಹೊರಗಿನ ಹೂಡಿಕೆ ಒಂದು ರೂಪಾಯಿಯೂ ಇಲ್ಲದೆ 2023-24ರಲ್ಲಿ ಆ ಕಂಪನಿ ಸುಮಾರು 4,700 ಕೋಟಿ ರೂಪಾಯಿ ಲಾಭ ಮಾಡಿತು. ನಿತಿನ್ ಕಾಮತ್ ಅವರ ಸಂಯಮವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಆದರೆ ಷೇರು ದಲ್ಲಾಳಿ ವ್ಯಾಪಾರದಲ್ಲಿ ಗಿರಾಕಿ ಗುಂಡಿ ಒತ್ತಿದ ದಿನವೇ ದಲ್ಲಾಳಿ ಶುಲ್ಕ ಕಡಿತವಾಗುತ್ತದೆ ಎನ್ನುವುದನ್ನೂ ಮರೆಯಬಾರದು. 60 ದಿನ ಕಾಯಿಸುವ ಸೂಪರ್ ಮಾರ್ಕೆಟ್ ಅಲ್ಲಿಲ್ಲ, ಗೋದಾಮಿಲ್ಲ, ಹಳಸುವ ಸರಕಿಲ್ಲ. ರೊಟ್ಟಿ ಮಾರುವವರು ಜೆರೋಧಾ ನೋಡಿ ‘ನಾವೂ ಯಾರ ದುಡ್ಡೂ ಮುಟ್ಟುವುದಿಲ್ಲ’ ಎಂದು ಶಪಥ ಮಾಡಿದರೆ ಶಪಥ ಉಳಿಯುತ್ತದೆ, ರೊಟ್ಟಿ ಉಳಿಯುವುದಿಲ್ಲ.

ಅಡುಗೆಮನೆಯ ವ್ಯಾಪಾರಕ್ಕೆ ಹತ್ತಿರದ ಉದಾಹರಣೆ ಬೇಕಿದ್ದರೆ ಐಡಿ ಫ್ರೆಶ್ ನೋಡಬೇಕು. ವಯನಾಡಿನಿಂದ ಬಂದ ಪಿ.ಸಿ. ಮುಸ್ತಫಾ ಮತ್ತು ಸೋದರ ಸಂಬಂಧಿಗಳು 2005ರಲ್ಲಿ ತಿಪ್ಪಸಂದ್ರದಲ್ಲಿ ದೋಸೆಹಿಟ್ಟು ರುಬ್ಬಿ ಪಾಕೀಟು ಕಟ್ಟಲು ಶುರುಮಾಡಿದರು. ಹೆಲಿಯಾನ್ ನಿಧಿಯಿಂದ ಅವರು 35 ಕೋಟಿ ಪಡೆದದ್ದು 2014ರಲ್ಲಿ, ಒಂಬತ್ತು ವರ್ಷದ ಮೇಲೆ. 2017ರಲ್ಲಿ ಅಜೀಂ ಪ್ರೇಮ್‌ಜಿ ಅವರ ಹೂಡಿಕೆ ಸಂಸ್ಥೆಯಿಂದ 150 ಕೋಟಿ ಬಂತು. ಹಿಟ್ಟು ಎಷ್ಟು ದಿನ ಇರುತ್ತದೆ, ಯಾವ ಅಂಗಡಿಯಿಂದ ಎಷ್ಟು ವಾಪಸು ಬರುತ್ತದೆ, ಒಂದು ಊರಿನಲ್ಲಿ ಲಾಭ ಹುಟ್ಟಲು ಎಷ್ಟು ತಿಂಗಳು ಬೇಕು, ಇವೆಲ್ಲ ಸ್ವಂತ ದುಡ್ಡಿನಲ್ಲಿ ಕಲಿತು ಮುಗಿಸಿದವರಿಗೆ ಸಿಗುವ ಷರತ್ತೇ ಬೇರೆ. ಪಾಠ ಕಲಿಯುವುದಕ್ಕೂ ಹೂಡಿಕೆದಾರರ ದುಡ್ಡನ್ನೇ ಬಳಸಿದವರು ಆ ಪಾಠಕ್ಕೆ ಪಾಲಿನ ಬೆಲೆ ಕಟ್ಟುತ್ತಾರೆ. ನನ್ನ ಮಟ್ಟಿಗೆ ನಮ್ಮ ಜಿಲ್ಲೆಗಳ ಹೆಚ್ಚಿನ ಉದ್ಯಮಗಳಿಗೆ ಹೊಂದುವುದು ಈ ದಾರಿ.

ಇನ್ನುಳಿದ ಮೂಲಗಳನ್ನು ಬೇಗ ಹೇಳಿಬಿಡುತ್ತೇನೆ. ರಾಜ್ಯದ ಹಣಕಾಸು ಸಂಸ್ಥೆಯಾದ ಕೆಎಸ್‌ಎಫ್‌ಸಿ 1959ರಿಂದ ಶೆಡ್ಡು, ಯಂತ್ರಕ್ಕೆ ಸಾಲ ಕೊಡುತ್ತ ಬಂದಿದೆ. ರಾಜ್ಯದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಹೊಸ ಕಂಪನಿಗಳಿಗೆ 50 ಲಕ್ಷದವರೆಗೆ ಅನುದಾನವಿದೆ, ಅದಕ್ಕೆ ಪಾಲು ಕೊಡಬೇಕಿಲ್ಲ, ತೀರಿಸಬೇಕಿಲ್ಲ. ಹೊಸ ಚಿಂತನೆ ಇರಬೇಕು, ಅರ್ಜಿ ತುಂಬುವ ತಾಳ್ಮೆಯೂ ಇರಬೇಕು. ಕೇಂದ್ರ ಸರ್ಕಾರ 2016ರಲ್ಲಿ ಸಿಡ್ಬಿ ಮೂಲಕ 10 ಸಾವಿರ ಕೋಟಿಯ ನಿಧಿ ಮಾಡಿತು, ಆದರೆ ಅದು ನೇರವಾಗಿ ಕಂಪನಿಗಳಿಗೆ ಹೋಗದೆ ವೆಂಚರ್ ನಿಧಿಗಳಿಗೆ ಹೋಗುತ್ತದೆ. ‘ಸರ್ಕಾರ ಸ್ಟಾರ್ಟಪ್‌ಗೆ ದುಡ್ಡು ಕೊಡುತ್ತಂತೆ’ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದವರು ಬರಿಗೈಲಿ ಬಂದದ್ದಕ್ಕೆ ಇದೂ ಒಂದು ಕಾರಣ. ಸ್ವಂತ ದುಡ್ಡು ಹಾಕುವ ಏಂಜೆಲ್ ಹೂಡಿಕೆದಾರರೂ ಇದ್ದಾರೆ, ಹೆಚ್ಚಾಗಿ ತಾವೇ ಕಂಪನಿ ಮಾಡಿ ಮಾರಿ ಕೂತವರು. ಅವರ ದುಡ್ಡಿಗೆ ಹತ್ತು ವರ್ಷದ ಗಡುವಿಲ್ಲದಿರುವುದು ದೊಡ್ಡ ಸಮಾಧಾನ. ಸರ್ಕಾರ ಒಂದು ಕಡೆ ಸ್ಟಾರ್ಟಪ್ ಉತ್ಸವ ಮಾಡುತ್ತಲೇ ಇನ್ನೊಂದು ಕಡೆ 2012ರಿಂದ, ಇಂಥ ಹೂಡಿಕೆದಾರರು ಷೇರಿಗೆ ನ್ಯಾಯವಾದ ಬೆಲೆಗಿಂತ ಹೆಚ್ಚು ಕೊಟ್ಟರು ಎಂದು ಆ ಹೆಚ್ಚುವರಿಯನ್ನು ಕಂಪನಿಯ ಆದಾಯವೆಂದು ಹಿಡಿದು ತೆರಿಗೆ ಹಾಕುತ್ತಿತ್ತು. ಹುಟ್ಟದ ಕಂಪನಿಯ ನ್ಯಾಯವಾದ ಬೆಲೆ ಆದಾಯ ತೆರಿಗೆ ಅಧಿಕಾರಿಗೆ ಹೇಗೆ ತಿಳಿಯುತ್ತಿತ್ತೋ! 2024ರ ಬಜೆಟ್ಟಿನಲ್ಲಿ ಅದು ತೊಲಗಿತು.

ನಮ್ಮ ರೊಟ್ಟಿ ಘಟಕದ ಕಷ್ಟಕ್ಕೆ ನೇರ ಮದ್ದು ಇವು ಯಾವುದೂ ಅಲ್ಲ. ಅದರ ಕಷ್ಟ 60 ದಿನದ ಉದ್ದರಿ. ಕಾಯಿದೆ ಪ್ರಕಾರ ಕಿರು ಮತ್ತು ಸಣ್ಣ ಉದ್ಯಮಗಳ ಬಿಲ್ಲನ್ನು ದೊಡ್ಡವರು 45 ದಿನದೊಳಗೆ ತೀರಿಸಬೇಕು. 2024ರಿಂದ ಈಚೆಗೆ, ಹಾಗೆ ತೀರಿಸದ ಬಾಕಿಯನ್ನು ಆ ವರ್ಷದ ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸಲು ತಯಾರಿಕಾ ಘಟಕಗಳಿಂದ ಕೊಂಡವರಿಗೆ ಆಗುವುದಿಲ್ಲ. ಇದರ ಜೊತೆಗೆ ಟ್ರೆಡ್ಸ್ ಎಂಬ ಆನ್‌ಲೈನ್ ಕಟ್ಟೆ ಇದೆ. ಮಳಿಗೆಯವರು ಒಪ್ಪಿದ ಬಿಲ್ಲನ್ನು ಅಲ್ಲಿ ಹಾಕಿದರೆ ಬ್ಯಾಂಕುಗಳು ಸವಾಲು ಕೂಗಿದಂತೆ ಬಡ್ಡಿ ದರ ಹೇಳುತ್ತವೆ, ಕಡಿಮೆ ಕೇಳಿದವರು ಬಡ್ಡಿ ಹಿಡಿದುಕೊಂಡು ಉಳಿದ ದುಡ್ಡನ್ನು ಒಂದೆರಡು ದಿನದಲ್ಲಿ ಖಾತೆಗೆ ಹಾಕುತ್ತಾರೆ. ಬ್ಯಾಂಕು ಇಲ್ಲಿ ನೋಡುವುದು ರೊಟ್ಟಿಯವರ ಮನೆಪತ್ರವನ್ನಲ್ಲ, ಮಳಿಗೆಯವರ ಸಾಲ ತೀರಿಸುವ ಯೋಗ್ಯತೆಯನ್ನು. ಮಳಿಗೆಯವರು ದುಡ್ಡು ಕಟ್ಟದಿದ್ದರೂ ಬ್ಯಾಂಕು ರೊಟ್ಟಿಯವರ ಬೆನ್ನು ಹತ್ತುವಂತಿಲ್ಲ. ಪಾಲು ಕೊಟ್ಟು ತರಬೇಕೆಂದಿದ್ದ ಎರಡು ಕೋಟಿಯ ಬಹುಪಾಲು ಹೀಗೆ, ಬಿಲ್ಲಿನ ಬಡ್ಡಿಯಷ್ಟೇ ಖರ್ಚಿನಲ್ಲಿ ಬಿಡುಗಡೆಯಾಗುತ್ತದೆ. ಒಂದೇ ತೊಡಕೆಂದರೆ ಮಳಿಗೆಯವರು ಆ ಕಟ್ಟೆಗೆ ಬರಲು ಒಪ್ಪಬೇಕು. ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಈ ಮಾತು ಎತ್ತಿದರೆ ಒಪ್ಪುವ ಸಂಭವ ಹೆಚ್ಚು, ಸರಕು ಇಳಿಸಿದ ಮೇಲೆ ಎತ್ತಿದರೆ ಅವರಿಗೆ ಕೇಳಿಸುವುದಿಲ್ಲ.

ಇಷ್ಟಾದ ಮೇಲೂ ತಮ್ಮದು ದೇಶ ಗೆಲ್ಲುವ ವ್ಯಾಪಾರ, ವೆಂಚರ್ ಕ್ಯಾಪಿಟಲ್ ಬೇಕೇ ಬೇಕು ಅನ್ನುವವರು ಇರುತ್ತಾರೆ, ಇರಬೇಕು. ಅವರು ಹೂಡಿಕೆದಾರರ ಮುಂದೆ ಕೂತಾಗ ಕೇಳಬೇಕಾದ ಒಂದು ಪ್ರಶ್ನೆಯಿದೆ, ಹೆಚ್ಚಿನವರು ಸಂಕೋಚಕ್ಕೆ ಕೇಳುವುದಿಲ್ಲ: ನೀವು ಕೊಡುತ್ತಿರುವ ದುಡ್ಡು ಯಾವ ನಿಧಿಯದು, ಆ ನಿಧಿ ಶುರುವಾಗಿ ಎಷ್ಟು ವರ್ಷವಾಯಿತು? ಎರಡನೆಯ ವರ್ಷದ ನಿಧಿಯಾದರೆ ಮುಂದೆ ಏಳೆಂಟು ವರ್ಷ ಜೊತೆಗಿರುತ್ತಾರೆ, ಇನ್ನೊಂದು ಸುತ್ತು ಹಣ ಹಾಕುವ ಶಕ್ತಿಯೂ ಇರುತ್ತದೆ. ಏಳನೆಯ ವರ್ಷದ ನಿಧಿಯಾದರೆ ಇನ್ನು ಮೂರೇ ವರ್ಷಕ್ಕೆ ‘ಯಾರಾದರೂ ಕೊಳ್ಳುವವರು ಸಿಕ್ಕರಾ?’ ಎಂದು ಆಡಳಿತ ಮಂಡಳಿ ಸಭೆಯಲ್ಲಿ ಶುರುವಾಗುತ್ತದೆ. ಅವರು ಹಿಂದೆ ಹಣ ಹಾಕಿ ಸೋತ ಕಂಪನಿಯೊಂದರ ಸ್ಥಾಪಕರ ಫೋನ್ ನಂಬರನ್ನೂ ಅದೇ ಸಭೆಯಲ್ಲಿ ಕೇಳಿ ಪಡೆಯಿರಿ. ಗೆದ್ದ ಕಂಪನಿಗಳ ನಂಬರುಗಳನ್ನು ಅವರೇ ಕೊಡುತ್ತಾರೆ.